ನಮ್ಮ ಮನೆಯ ಸಿಲಿಂಡರ್ ಮಣ್ಣಿಗೆ ಹೋದದ್ದು

ನಾನು ಶಾಮಿಯಾನ ಹಾಕುವವನು. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಹೊರಗೆ ನಿಲ್ಲು ಅಂದರು. ನಿಂತೆ. ಆಮೇಲೆ ಒಳಗೆ ಹೋಗುವಂಥದ್ದೇನೂ ಕಾಣಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಕಂಬ ನೆಟ್ಟು, ಹಗ್ಗ ಬಿಗಿದು, ಕುರ್ಚಿ ಹೊತ್ತು ಬದುಕಿದ್ದೇನೆ. ಮಾಗಡಿ ರಸ್ತೆಯಲ್ಲಿ ಗೋಡೌನಿದೆ, ಗೋವಿಂದರಾಜನಗರದಲ್ಲಿ ಸ್ವಂತ ಮನೆಯಿದೆ. ಯಾರ ಮುಂದೆಯೂ ಕೈಕಟ್ಟಿ ನಿಂತು ಸಂಪಾದಿಸಿದ್ದಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯ ಕೊನೆಯ ಹೊತ್ತಿಗೆ ನಾನು ಒಂದು ಸಿಲಿಂಡರ್ ಹೊತ್ತುಕೊಂಡು ಬೀದಿ ಬೀದಿ ಬೇಡಿದ್ದು ನಿಮಗೆ ಗೊತ್ತಾಗುತ್ತದೆ.

ನನ್ನ ಕುರ್ಚಿಗಳ ಮೇಲೆ ಎಲ್ಲ ಪಕ್ಷದವರೂ ಕೂತಿದ್ದಾರೆ. ಆಳುವವರು ಕೂತರೂ ವಿರೋಧಿಸುವವರು ಕೂತರೂ ಪ್ಲಾಸ್ಟಿಕ್ ಕಾಲು ಮುರಿಯುವುದು ಒಂದೇ ಥರ. ವ್ಯತ್ಯಾಸ ಇರುವುದು ಮಾತಿನಲ್ಲಿ. ಅಧಿಕಾರದಲ್ಲಿರುವವರು ನನ್ನನ್ನು "ಏಯ್ ಶಾಮಿಯಾನ" ಅನ್ನುತ್ತಾರೆ. ಅಧಿಕಾರ ಹೋದ ಮರುದಿನ ಅದೇ ಬಾಯಿ "ಅಣ್ಣ, ಊಟ ಆಯ್ತಾ" ಅನ್ನುತ್ತದೆ. ಹಾಗಾಗಿ ನನಗೆ ಯಾವಾಗಲೂ ವಿರೋಧ ಪಕ್ಷದವರೇ ಇಷ್ಟ. ಅದು ಯಾವ ಪಕ್ಷವಾದರೂ ಸರಿ.

ಆ ವರ್ಷ ವಿರೋಧದಲ್ಲಿದ್ದವರು ಮನೆಮನೆಗೆ ಬರುವ ಕಾರ್ಯಕ್ರಮ ಶುರು ಮಾಡಿದರು. ನಮ್ಮ ವಾರ್ಡಿನ ಅಧ್ಯಕ್ಷ ಎರಡು ಬೀದಿ ಆಚೆಯವನು, ಸೈಟು ಮಾರಿಸುವ ಕೆಲಸ, ಬಿಳಿ ಪ್ಯಾಂಟು, ಬಿಳಿ ಷರಟು, ಕಪ್ಪು ತಲೆ. ತಲೆಯ ಕಪ್ಪು ಪ್ರತಿ ಭಾನುವಾರದ್ದು. ಅವನೂ ಅವನ ಹಿಂದೆ ಶಲ್ಯ ಹಾಕಿದ ಒಂದಷ್ಟು ಜನರೂ ಬಂದು ಕೂತು, ಕಾಫಿ ಕುಡಿದು, ನಿಮ್ಮ ಮನೆಗೆ ಯಾವುದರ ಬೆಲೆ ಜಾಸ್ತಿ ಹೊರೆಯಾಗಿದೆ ಅಂತ ಕೇಳುತ್ತಿದ್ದರು. ನಾವು ಬಂದರೆ ಗ್ಯಾಸು ಅರ್ಧ ಬೆಲೆಗೆ, ಹಾಲು ಹಳೇ ಬೆಲೆಗೆ, ಮುದುಕರ ಮಾತ್ರೆ ಬಿಟ್ಟಿ, ಶಾಲೆಯ ಫೀಸಿಗೆ ಮೂಗುದಾರ ಅಂತ ಅಚ್ಚು ಹಾಕಿಸಿದ ಕಾಗದ ಕೊಡುತ್ತಿದ್ದರು. ಜೊತೆಗೆ ಒಂದು ಬಟ್ಟೆಯ ಚೀಲ.

ನಮಗೇನೂ ಹೊರೆಯಿಲ್ಲ, ದುಡಿಯುತ್ತೇವೆ ತಿನ್ನುತ್ತೇವೆ ಅಂತ ನಾನು ಹೇಳಿದೆ. ನಮ್ಮಮ್ಮ ಅಷ್ಟಕ್ಕೆ ಬಿಡುವವಳಲ್ಲ. ತಿಪಟೂರು ಕಡೆಯವಳು, ಎಂಬತ್ತರ ಹತ್ತಿರ ವಯಸ್ಸು, ಹಲ್ಲು ಎಲ್ಲ ಹೋಗಿದೆ, ನಾಲಿಗೆ ಹೋಗಿಲ್ಲ.

"ಸೌದೆ ಊದಿ ಊದಿ ಕಣ್ಣು ಕಳ್ಕೊಂಡೆ. ಈಗ ಗ್ಯಾಸಿನ ರೇಟು ಕೇಳಿ ಕೇಳಿ ಕಿವೀನೂ ಬೇಡ ಅನ್ನಿಸ್ತಾ ಇದೆ" ಅಂದಳು.

ಅಧ್ಯಕ್ಷನ ಮುಖ ಅರಳಿತು. ಅಜ್ಜಿ ಇನ್ನೊಂದು ಸಲ ಹೇಳಿ ಅಂತ ಫೋನು ಹಿಡಿದ. ಅಮ್ಮ ಎರಡನೇ ಸಲ ಇನ್ನೂ ಚೆನ್ನಾಗಿ ಹೇಳಿದಳು, ನಡುವೆ ಒಂದು ನಿಟ್ಟುಸಿರನ್ನೂ ಸೇರಿಸಿದಳು. ಆಮೇಲೆ, ನೀವು ಹಿಂದೆ ಒಂದು ಸಲ ಇದ್ದಿರಲ್ಲಪ್ಪ, ಆವಾಗ ಯಾಕೆ ಇಳಿಸಲಿಲ್ಲ ಅಂತ ಕೇಳಿದಳು.

"ಆವಾಗ ಪರಿಸ್ಥಿತಿ ಬೇರೆ ಇತ್ತು ಅಜ್ಜಿ."

"ಒಲೆ ಅದೇ ಇತ್ತಲ್ಲಪ್ಪ."

ಫೋನು ಅಷ್ಟರಲ್ಲಿ ಜೇಬು ಸೇರಿತ್ತು.

ಸ್ವಲ್ಪ ದಿನಕ್ಕೆ ಅಧ್ಯಕ್ಷ ಗೋಡೌನಿಗೇ ಬಂದ. ಗ್ಯಾಸ್ ಬೆಲೆ ಏರಿಕೆ ವಿರುದ್ಧ ಸಿಲಿಂಡರಿನ ಅಣಕು ಶವಯಾತ್ರೆ ಮಾಡುತ್ತೇವೆ, ನಿಮ್ಮ ಮನೆ ಮುಂದೆ ರಸ್ತೆ ಅಗಲವಾಗಿದೆ, ಅಲ್ಲಿಂದಲೇ ಹೊರಡುತ್ತದೆ. ಚಂದ್ರಾ ಲೇಔಟಿನಲ್ಲಿ ಸಭೆ. ಅಲ್ಲಿಗೊಂದು ಶಾಮಿಯಾನ, ಕುರ್ಚಿ, ಆಮೇಲೆ ಬಿದಿರಿನ ಒಂದು ಚಟ್ಟ ಬೇಕು ಅಂದ. ನಾನು ಮದುವೆಗೂ ಹಾಕುತ್ತೇನೆ, ಸಾವಿಗೂ ಹಾಕುತ್ತೇನೆ. ಸಿಲಿಂಡರಿಗೆ ಹಾಕಿದ್ದು ಅದೇ ಮೊದಲು.

ಆ ಬೆಳಿಗ್ಗೆ ನಮ್ಮ ಮನೆ ಮುಂದೆ ಜಾತ್ರೆ. ತಮಟೆಯವರು ಬಂದರು, ಮಂಡಕ್ಕಿ ಬಂತು, ಚೆಂಡು ಹೂವಿನ ಹಾರ ಬಂತು, ಒಂದು ಲೋಕಲ್ ಚಾನೆಲ್ಲಿನ ಕ್ಯಾಮೆರಾ ಬಂತು. ಕೊನೆಗೆ ಹೆಣ ಬಂತು. ನೋಡಿದರೆ ನೀಲಿ ಸಿಲಿಂಡರ್. ಯಾವುದೋ ದರ್ಶಿನಿಯಿಂದ ತಂದಿದ್ದರು.

ಇದು ಹೋಟೆಲಿನದು, ಮನೆಯದು ಕೆಂಪು ಅಂತ ನಾನೇ ಹೇಳಿದೆ. ಹೆಂಗಸರ ಕಷ್ಟ ಅಂತ ಬ್ಯಾನರ್ ಕಟ್ಟಿ ಇಡ್ಲಿ ಬೇಯಿಸುವವನ ಸಿಲಿಂಡರ್ ಹೊತ್ತರೆ ನೋಡುವವರು ನಗುವುದಿಲ್ಲವೇ? ಅಧ್ಯಕ್ಷ ತಲೆ ಮೇಲೆ ಕೈ ಇಟ್ಟುಕೊಂಡ. ಬೀದಿಯವರನ್ನು ಕೇಳಿದರೆ ಎಲ್ಲರದ್ದೂ ಒಲೆಗೆ ಸಿಕ್ಕಿಸಿದ್ದು ಒಂದೇ. ಆಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ನಮ್ಮನೇಲಿ ಎರಡಿದೆ. ಒಂದು ಫುಲ್ಲು, ನಿನ್ನೆ ಬಂದಿದ್ದು. ಸೀಲೂ ಒಡೆದಿಲ್ಲ."

"ಖಾಲಿದಿದ್ರೆ ಸಾಕಿತ್ತಣ್ಣ, ಹೊರೋಕೆ ಹಗುರ."

"ಖಾಲಿ ಎಲ್ಲ ನಮ್ಮನೇಲಿ ಇಟ್ಕೊಳ್ಳಲ್ಲ."

ಬಾಗಿಲ ಹಿಂದೆ ನಿಂತಿದ್ದ ನನ್ನ ಹೆಂಡತಿ ನೋಡಿದ ನೋಟ ಇವತ್ತಿಗೂ ನನ್ನ ಬೆನ್ನಿನ ಮೇಲಿದೆ.

ಸಿಲಿಂಡರನ್ನು ಚಟ್ಟದ ಮೇಲೆ ಮಲಗಿಸಿದರು. ಅದು ಉರುಳಿ ಮೋರಿಯ ಕಡೆ ಹೊರಟಿತು. ಹಿಡಿದು ತಂದು ಮತ್ತೆ ಮಲಗಿಸಿದರು, ಮತ್ತೆ ಉರುಳಿತು. ಜಗಲಿಯ ಮೇಲೆ ಕೂತು ನೋಡುತ್ತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ.

"ಅದನ್ನ ಯಾಕ್ರೋ ಮಲಗಿಸ್ತೀರಾ? ಕೂರಿಸ್ರೋ."

ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ವಿಭೂತಿ ಬಳಿದು, ಹೂವು ಕಟ್ಟಿದ ಬಿದಿರಿನ ವಿಮಾನದಲ್ಲಿ ಹೊತ್ತು, ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಗ್ಯಾಸ್ ಸಿಲಿಂಡರ್ ಅಂತೂ ಅದಕ್ಕೇ ಹುಟ್ಟಿದ್ದು. ಗುಂಡು ಹೊಟ್ಟೆ, ಗಿಡ್ಡ ಕುತ್ತಿಗೆ, ನೆಟ್ಟಗೆ ಕೂತರೆ ಎಷ್ಟೋ ಯಜಮಾನರಿಗಿಂತ ಲಕ್ಷಣವಾಗಿ ಕೂರುತ್ತದೆ. ನಾನು ಚಟ್ಟ ಬಿಚ್ಚಿ ಅದೇ ಬಿದಿರಲ್ಲಿ ಹಾಗೇ ನಿಂತಲ್ಲೇ ವಿಮಾನ ಕಟ್ಟಿದೆ. ಕೆಲಸ ಅಂದರೆ ಕೆಲಸ, ನಾಟಕಕ್ಕಾದರೂ ಗಂಟು ಸಡಿಲ ಬಿಡುವವನಲ್ಲ ನಾನು. ಅಮ್ಮ ಒಳಗಿಂದ ವಿಭೂತಿ ಗಟ್ಟಿ ತರಿಸಿ ತಾನೇ ಮೂರು ಪಟ್ಟೆ ಎಳೆದಳು. ಹಾರ ಹಾಕಿದರು. ಅಧ್ಯಕ್ಷನ ಹೆಂಡತಿ ಎದುರಿಗೆ ಕೂತು ಎದೆ ಬಡಿದುಕೊಂಡು, ಕೈಗೇ ಸಿಗದ ಹಾಗೆ ಹೋದೆಯಲ್ಲಪ್ಪಾ ಅಂತ ಶುರು ಮಾಡಿದಳು. ಮೊದಮೊದಲು ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು. ಆಮೇಲೆ ತಮಟೆ ಏರಿದಂತೆ ಎದುರು ಮನೆಯಾಕೆಗೆ ಹೋದ ವರ್ಷ ತೀರಿಕೊಂಡ ಗಂಡ ನೆನಪಾದ, ಇನ್ನೊಬ್ಬಳಿಗೆ ತಾಯಿ ನೆನಪಾದಳು. ವಿಮಾನ ಎತ್ತುವ ಹೊತ್ತಿಗೆ ಅರ್ಧ ಬೀದಿ ನಿಜವಾಗಿ ಅಳುತ್ತಿತ್ತು. ಮಂಡಕ್ಕಿ ಎರಚಿದರು. ಹೊರಟಿತು.

ಹೊರಟ ಮೇಲೆ ನಮ್ಮಮ್ಮ ಎದ್ದು ಒಳಗೆ ಹೋಗಿ, ಒಂದು ಚೊಂಬು ನೀರು ತಂದು, ಹೊಸ್ತಿಲ ಮೇಲೆ ಸುರಿದು, ಬಾಗಿಲು ತೊಳೆದಳು. ಯಾರೂ ಹೇಳಿಕೊಟ್ಟದ್ದಲ್ಲ. ಮನೆಯಿಂದ ಹೆಣ ಹೊರಟ ಮೇಲೆ ಜೀವಮಾನವೆಲ್ಲ ಮಾಡಿದ್ದನ್ನು ಕೈ ತಾನಾಗಿ ಮಾಡಿತು. ನಾನು ನೋಡಿದೆ. ನೋಡಿ ನಕ್ಕೆ. ಆ ನಗು ನನಗೆ ದುಬಾರಿಯಾಯಿತು.

ಸಭೆಯಲ್ಲಿ ಭಾಷಣ ಆಯಿತು. ಗ್ಯಾಸು ಬಿಟ್ಟು ಸೌದೆ ಒಲೆಗೆ ಮರಳುವ ಕಾಲ ಬಂತು ಅಂತ ತೋರಿಸಲು ಮೂರು ಕಲ್ಲಿಟ್ಟು ಅಡುಗೆ ಮಾಡುವುದು ಅಂತಲೂ ಇತ್ತು. ಬಿಳಿ ಷರಟಿನವರು ಸುತ್ತ ಕೂತು ಹಸಿ ಸೌದೆಗೆ ಬೆಂಕಿಕಡ್ಡಿ ಗೀರಿದರು. ಹೊಗೆಯೂ ಸರಿಯಾಗಿ ಬರಲಿಲ್ಲ. ಕ್ಯಾಮೆರಾದವನು ಸಾಕು ಸಾರ್ ಅಂದ, ಎಲ್ಲರೂ ಎದ್ದು ಮಂಡಿ ಒರೆಸಿಕೊಂಡು ಹೋದರು. ಸೌದೆ ನನ್ನ ಕುರ್ಚಿಯ ಜೊತೆ ಗೋಡೌನು ಸೇರಿತು.

ಸಾಯಂಕಾಲ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಅದನ್ನ ಎಲ್ಲಿಗೆ ತರ್ತಾ ಇದೀಯ?"

"ಒಳಗೆ ಕಣಮ್ಮ, ಇನ್ನೆಲ್ಲಿಗೆ?"

"ಮಣ್ಣಿಗೆ ಹೋಗಿದ್ದು ವಾಪಸ್ ಬರುತ್ತೇನೋ?"

"ಮಣ್ಣೆಲ್ಲಿ ಮಾಡಿದ್ರಮ್ಮ? ಅದು ನಾಟಕ."

"ವಿಭೂತಿ ನಾಟಕದ್ದಾ? ಅವರ ಕಣ್ಣೀರು ನಾಟಕದ್ದಾ? ಬಾಗಿಲಿಗೆ ನಾನೇ ನೀರು ಹಾಕಿದೀನಿ. ನೀರು ನಾಟಕದ್ದೇನೋ?"

ಹೆಗಲು ಬಿದ್ದುಹೋಗುತ್ತಿತ್ತು. ನಾನು ಧರ್ಮದ ಆಧಾರ ಹಿಡಿದೆ. ಲಿಂಗ ಕಟ್ಟಿಕೊಂಡವರಿಗೆ ಸೂತಕವೇ ಇಲ್ಲ ಅಂತ ಮಠದಲ್ಲಿ ಸ್ವಾಮಿಗಳು ಹೇಳುತ್ತಾರಲ್ಲಮ್ಮ, ನೀನೂ ಮುಂದಿನ ಸಾಲಲ್ಲಿ ಕೂತು ತಲೆ ಆಡಿಸಿದ್ದೀಯಲ್ಲ ಅಂದೆ.

"ಕಟ್ಟಿಕೊಂಡವರಿಗೆ ಇಲ್ಲ. ಇದಕ್ಕೆ ಯಾರೋ ಕಟ್ಟಿದ್ರು?"

ನಾನು ಸಿಲಿಂಡರನ್ನು ಹೆಗಲಿಂದ ಇಳಿಸಿದೆ. ಇದಕ್ಕೆ ಸ್ವಾಮಿಗಳ ಹತ್ತಿರವೂ ಉತ್ತರ ಇರುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಸಿಲಿಂಡರ್ ಮೆಟ್ಟಿಲ ಕೆಳಗೆ, ಸ್ಕೂಟರಿನ ಪಕ್ಕ, ವಿಭೂತಿ ಸಮೇತ ಕೂತಿತು.

ಅಮ್ಮ ಕೂಗಾಡುವವಳಲ್ಲ. ಒಲೆಗೆ ಸಿಕ್ಕಿಸಿರುವುದು ಮುಗಿಯುವವರೆಗೆ ಇಲ್ಲಿ ಉಣ್ಣುತ್ತೇನೆ, ಆಮೇಲೆ ಮಗಳ ಮನೆಗೆ ಹೋಗುತ್ತೇನೆ, ನೀವು ಯಾವ ಬೆಂಕಿಯಲ್ಲಾದರೂ ಬೇಯಿಸಿಕೊಳ್ಳಿ ಅಂದಳು. ಅಂದಷ್ಟಕ್ಕೇ ಬಿಡಲಿಲ್ಲ, ಎರಡು ಸೀರೆ, ಮಾತ್ರೆಯ ಡಬ್ಬಿ, ಹೊದಿಕೆ, ಎಲ್ಲವನ್ನೂ ತುಂಬಿ ಬಾಗಿಲ ಹತ್ತಿರ ಇಟ್ಟಳು. ತುಂಬಿದ್ದು ಅಧ್ಯಕ್ಷ ಕೊಟ್ಟ ಅದೇ ಬಟ್ಟೆಯ ಚೀಲಕ್ಕೆ.

ನನ್ನ ತಂಗಿ ಕೆಂಗೇರಿಯಲ್ಲಿದ್ದಾಳೆ. ಒಳ್ಳೆಯವಳು. ಅವಳ ಗಂಡನೂ ಒಳ್ಳೆಯವನೇ, ಅದೇ ತೊಂದರೆ. ಸರ್ಕಾರಿ ನೌಕರಿ, ಮೆತ್ತನೆ ಮಾತು. ಇರಲಿ ಬಿಡಿ ಭಾವ, ಅತ್ತೆ ನಮಗೇನು ಭಾರವೇ ಅಂತ ಅವನು ಒಂದು ಸಲ ಅಂದರೆ ಸಾಕು, ನಾನು ಕಟ್ಟಿದ ಮನೆಯ ಮೂರು ಅಂತಸ್ತೂ ಕೂತು ಹೋಗುತ್ತವೆ. ಹೆಂಡತಿ ಬಿಟ್ಟು ಹೋದರೆ ಜನ ಅರ್ಧ ಬೈಗುಳ ಹೆಂಡತಿಗೆ ಹಂಚುತ್ತಾರೆ. ತಾಯಿ ಮಗನ ಮನೆಯ ಅನ್ನ ಬಿಟ್ಟು ಮಗಳ ಮನೆಗೆ ಹೋದಳು ಅಂದರೆ ಪೂರ್ತಿ ಮಗನಿಗೇ. ಅದೂ ಅಪ್ಪ ಹೋದ ಮೇಲೆ ಕೂಲಿ ಮಾಡಿ ನನ್ನನ್ನು ಸಾಕಿದ ತಾಯಿ.

ಹೊಸದನ್ನು ಬುಕ್ ಮಾಡೋಣ ಅಂದರೆ, ಒಂದು ಬಂದ ಮೇಲೆ ಇನ್ನೊಂದಕ್ಕೆ ಇಷ್ಟು ದಿನ ಕಾಯಬೇಕು ಅಂತ ಫೋನಿನಲ್ಲಿ ಹೆಂಗಸಿನ ದನಿ ಹೇಳಿತು. ಹೆಂಡತಿ ಕರೆಂಟಿನ ಒಲೆ ತರೋಣ ಅಂದು, ತಾನೇ ಬೇಡ ಅಂದಳು. "ಮುಂದಿನ ತಿಂಗಳು ಕರೆಂಟ್ ಬಿಲ್ಲಿನ ಹೋರಾಟ ಇದೆಯಂತೆ. ನೀವು ಮೀಟರ್ ಬೋರ್ಡು ಕಿತ್ತು ಕೊಟ್ಟುಬಿಡ್ತೀರಾ."

ಹಾಗಾಗಿ ಬದಲಾಯಿಸಿಕೊಳ್ಳಲು ಹೊರಟೆ. ಫುಲ್ ಕೊಟ್ಟು ಅರ್ಧ ತೆಗೆದುಕೊಳ್ಳಲೂ ತಯಾರಿದ್ದೆ. ಎದುರು ಮನೆಯಾಕೆ ಬಾಗಿಲಲ್ಲೇ, ಅಯ್ಯೋ ಬೇಡಣ್ಣ, ನಾನೂ ಮಂಡಕ್ಕಿ ಎರಚಿದೀನಿ ಅಂದಳು. ಪಕ್ಕದ ಮನೆಯವರು ನಮ್ಮದು ಇನ್ನೂ ಇದೆ ಅಂದರು; ಇದೆಯೋ ಮುಗಿದಿದೆಯೋ ಅಂತ ನಾನು ಕೇಳಿರಲೇ ಇಲ್ಲ. ಇಡೀ ಬೀದಿಯಲ್ಲಿ ಆ ಸಿಲಿಂಡರಿಗೆ ಸಂಬಂಧಿಕರಾಗದೆ ಉಳಿದವರು ಒಬ್ಬರೂ ಇರಲಿಲ್ಲ.

ಕೊನೆಗೆ ಅಧ್ಯಕ್ಷನ ಮನೆಗೆ ಹೊತ್ತುಕೊಂಡು ಹೋದೆ. ಇದು ನಿಮ್ಮ ಹೋರಾಟದ ಹೆಣ, ನೀವಿಟ್ಟುಕೊಂಡು ನಿಮ್ಮದು ಕೊಡಿ ಅಂದೆ. ಅವನು ಸೋಫಾದಲ್ಲಿ ನೆಟ್ಟಗೆ ಕೂತು, ಈ ಕಾಲದಲ್ಲೂ ಇಂಥ ಮೂಢನಂಬಿಕೆಯೇ ಅಣ್ಣ, ಸಮಾಜ ಹೇಗೆ ಮುಂದೆ ಬರಬೇಕು ಅಂತ ಶುರು ಮಾಡಿದ. ಹಾಗಾದರೆ ತಗೊಳ್ಳಿ ಅಂದೆ. ತಗೊಳ್ಳೋಣ ಅದಕ್ಕೇನಂತೆ ಅಂದ. ಅಡುಗೆ ಮನೆಯ ಪರದೆ ಸರಿಯಿತು.

"ಅದು ಈ ಮನೆ ಒಳಗೆ ಬಂದ್ರೆ ನಾನು ಆಚೆ ಹೋಗ್ತೀನಿ" ಅಂದಳು ಅಧ್ಯಕ್ಷನ ಹೆಂಡತಿ. "ಎದುರಿಗೆ ಕೂತು ಎದೆ ಬಡ್ಕೊಂಡು ಅತ್ತೋಳು ನಾನು. ಅದರ ಮೇಲೇ ನಾನು ಉಪ್ಪಿಟ್ಟು ಮಾಡ್ಲಾ?"

ಸಮಾಜ ಅಲ್ಲಿಗೇ ನಿಂತಿತು. ಅಧ್ಯಕ್ಷ ನನ್ನನ್ನು ಗೇಟಿನವರೆಗೆ ಬಿಟ್ಟು, ಪಕ್ಷ ನಿಮ್ಮ ಜೊತೆಗಿದೆ ಅಂದ.

ಅಷ್ಟರಲ್ಲಿ ನಮ್ಮ ಒಲೆಯ ಉರಿ ಹಳದಿಗೆ ತಿರುಗುತ್ತಿತ್ತು. ಅಮ್ಮ ದಿನಾ ಬಗ್ಗಿ ನೋಡಿ, ಚೀಲದ ಹಿಡಿಕೆ ಸರಿ ಮಾಡಿಟ್ಟು ಬರುತ್ತಿದ್ದಳು.

ಒಂದು ಬೆಳಿಗ್ಗೆ ಗ್ಯಾಸ್ ತರುವವನು ಪಕ್ಕದ ಬೀದಿಗೆ ಬಂದಿದ್ದ. ನನ್ನ ಹೆಂಡತಿ ಅವನನ್ನು ಎಳೆದುಕೊಂಡು ಬಂದಳು. ಗುಲ್ಬರ್ಗಾ ಕಡೆಯವನು, ನಮ್ಮ ಏರಿಯಾದಲ್ಲಿ ಸಿಲಿಂಡರ್ ಹೊತ್ತು ಹೊತ್ತು ಒಂದು ಹೆಗಲು ಇಳಿದಿದೆ. ತುಂಬಿದ್ದಕ್ಕೆ ತುಂಬಿದ್ದು ಬದಲಾಯಿಸಿ ಕೊಡಲು ಬರುವುದಿಲ್ಲ ಅಂದ. ಯಾಕೆ ಬೇಕು ಅಂತ ಕೇಳಿದ. ಹೇಳಿದೆವು. ಅವನು ನಗಲು ಶುರು ಮಾಡಿದವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು ಅಡುಗೆ ಮನೆಗೆ ಬಂದು, ಒಲೆಗೆ ಸಿಕ್ಕಿಸಿದ್ದ ಸಿಲಿಂಡರನ್ನು ಸ್ವಲ್ಪ ವಾಲಿಸಿ, ಕೆಳಗಿನ ಬಳೆಯ ಹತ್ತಿರ ಬೆರಳು ತೋರಿಸಿದ. ಅಲ್ಲಿ ಅರ್ಧ ಹರಿದ ಒಂದು ಸ್ಟಿಕ್ಕರ್: ಬೆಲೆ ಏರಿಕೆಗೆ ಧಿಕ್ಕಾರ. ಕೆಳಗೆ ಇನ್ನೊಂದು ಪಕ್ಷದ ಗುರುತು. ಈಗ ಆಳುತ್ತಿರುವವರದು, ಅವರು ವಿರೋಧದಲ್ಲಿದ್ದ ಕಾಲದ್ದು. ಅದರ ಸಂದಿಯಲ್ಲಿ ಒಣಗಿದ ಚೆಂಡು ಹೂವಿನ ಎರಡು ಎಸಳು.

"ಇದೂ ಸತ್ತಿದ್ದೇ ಐತಿ ಅಜ್ಜಿ" ಅಂದ. "ಗ್ಯಾಸ್ ಒಂದೇ ಮನ್ಯಾಗ ಇರ್ತದೇನು? ಊರೆಲ್ಲ ತಿರುಗ್ತದ. ಯಾವುದು ಎಷ್ಟು ಸರ್ತಿ ಸತ್ತದೋ ಯಾರಿಗ್ಗೊತ್ತು. ನಾನಽ ಎಷ್ಟಕ್ಕೆ ಹಾರ ಬಿಚ್ಚೀನಿ."

ನಾನು ಗೆದ್ದೆ ಅಂದುಕೊಂಡೆ. ಇಷ್ಟು ದಿನ ನೀನು ಉಂಡಿದ್ದೇ ಸತ್ತ ಸಿಲಿಂಡರಿನ ಅನ್ನ, ಏನಾಯಿತು ನಿನಗೆ, ಗುಂಡುಕಲ್ಲಿನ ಹಾಗಿದ್ದೀಯ ಅಂತ ಹೇಳಲು ಬಾಯಿ ತೆರೆದೆ. ಅಮ್ಮ ಬಗ್ಗಿ ಸ್ಟಿಕ್ಕರನ್ನು ನೋಡಿದಳು. ಕೈ ಚಾಚಿ ಒಲೆ ಆರಿಸಿದಳು. ಸಾರು ಅರ್ಧ ಕುದಿದಿತ್ತು.

"ಎರಡಕ್ಕೂ ಸೇರಿಸಿ ಶಿವಗಣಾರಾಧನೆ ಮಾಡ್ಸು. ಕಳಿಸಿದ್ದು ಹೌದು, ಊಟ ಹಾಕಿದ್ರಾ ಯಾರಾದ್ರೂ? ಅದಕ್ಕೇ ಅವು ಹಿಂಗೆ ಮನೆ ಮನೆ ತಿರುಗ್ತಾ ಇರೋದು. ಯಾರು ಅತ್ರೋ ಅವರೇ ಹಾಕ್ಲಿ."

ಸತ್ತವರ ಹೆಸರಲ್ಲಿ ಹತ್ತು ಜನಕ್ಕೆ ಊಟ ಹಾಕಿದರೆ ನಮ್ಮಲ್ಲಿ ಎಲ್ಲ ಮುಗಿದ ಹಾಗೆ. ಅದು ಆಗುವವರೆಗೆ ಈಗ ಮನೆಯಲ್ಲಿ ಯಾವ ಬೆಂಕಿಯೂ ಇಲ್ಲ. ನಾವು ದರ್ಶಿನಿಯಿಂದ ಇಡ್ಲಿ ತಂದೆವು. ಅಮ್ಮ ಹೋಟೆಲಿನದು ಮುಟ್ಟುವುದಿಲ್ಲ. ಬಾಳೆಹಣ್ಣು ತಿಂದು ಚೀಲದ ಪಕ್ಕ ಕೂತಳು. ನಾಳೆ ಮೆಟ್ರೋ ಹತ್ತಿಸು ಅಂದಳು.

ನಾನು ಮತ್ತೆ ಅಧ್ಯಕ್ಷನ ಮನೆಗೆ ಓಡಿದೆ. ಈ ಸಲ ಸಿಲಿಂಡರ್ ಇಲ್ಲದೆ ಬರಿಗೈಲಿ, ಹಾಗಾಗಿ ಬೇಗ ತಲುಪಿದೆ. ಅವನ ಹೆಂಡತಿಯೇ ಮೊದಲು ಒಪ್ಪಿದಳು, ಅವಳಿಗೂ ಆವತ್ತಿನಿಂದ ರಾತ್ರಿ ನಿದ್ದೆ ಸರಿಯಿಲ್ಲವಂತೆ. ಅಧ್ಯಕ್ಷ ಎರಡು ನಿಮಿಷ ಕಣ್ಣು ಮುಚ್ಚಿದ. ತೆರೆದಾಗ ಅದರಲ್ಲಿ ಬ್ಯಾನರ್ ಕಾಣುತ್ತಿತ್ತು: ಬೆಲೆ ಏರಿಕೆಯ ವಿರುದ್ಧ ಬೀದಿ ಭೋಜನ, ಕುಟುಂಬಗಳ ಜೊತೆ ನಾವು. ಏನಾದರೂ ಬರೆದುಕೊಳ್ಳಪ್ಪ, ಅನ್ನ ಬೇಯಲಿ ಅಂದೆ.

ಮರುದಿನ ನಮ್ಮ ಮನೆ ಮುಂದೆ ನನ್ನದೇ ಶಾಮಿಯಾನ, ನನ್ನದೇ ಕುರ್ಚಿ. ಅಧ್ಯಕ್ಷ ಅಕ್ಕಿ, ಬೇಳೆ, ಬೆಲ್ಲ ತಂದ. ಅಡುಗೆಯವನು ಗ್ಯಾಸ್ ಒಲೆ ಇಳಿಸಿದ. ಅಮ್ಮ ವಾಪಸ್ ಏರಿಸು ಅಂದಳು. ಊಟದ ಶಾಸ್ತ್ರ ಮುಗಿಯದೆ ಗ್ಯಾಸು ಹಚ್ಚುವಂತಿಲ್ಲ. ಗೋಡೌನಿನಲ್ಲಿ ಹೋರಾಟದ ಸೌದೆ ಇತ್ತು, ಅಷ್ಟು ದಿನದಲ್ಲಿ ಒಣಗಿಯೂ ಇತ್ತು. ಅಡುಗೆಯವನು, ಸೌದೆ ಊದುವುದು ನನ್ನ ಕೆಲಸ ಅಲ್ಲ ಅಂತ ಬೀಡಿ ಹಚ್ಚಿ ದೂರ ನಿಂತ.

ಅಮ್ಮ ನನ್ನ ಒಂದು ಕುರ್ಚಿ ಎಳೆಸಿ ಒಲೆಯ ಎದುರು ಕೂತಳು. ಅಧ್ಯಕ್ಷನನ್ನು ಕರೆದಳು.

"ಬಾರಪ್ಪ. ಅವತ್ತು ಅರ್ಧಕ್ಕೆ ಬಿಟ್ಟು ಹೋದ್ಯಲ್ಲ, ಇವತ್ತು ಹಚ್ಚು."

ಸಣ್ಣ ಪುಳ್ಳೆ ಕೆಳಗೆ, ದಪ್ಪದ್ದು ಮೇಲೆ, ಗಾಳಿ ಬರುವ ಕಡೆ ಬಾಯಿ, ಊದು, ಇನ್ನೂ ಊದು, ಕೆನ್ನೆಯಿಂದ ಅಲ್ಲ, ಹೊಟ್ಟೆಯಿಂದ. ಅಧ್ಯಕ್ಷ ನಾಲ್ಕು ಕಾಲಿನ ಮೇಲೆ ಬಗ್ಗಿ ಊದಿದ. ಬಿಳಿ ಷರಟು ಮಸಿಯಾಯಿತು, ಭಾನುವಾರದ ಕಪ್ಪು ಬೆವರಿನಲ್ಲಿ ಕಿವಿಯ ಪಕ್ಕ ಇಳಿಯಿತು, ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಹರಿಯಿತು. ಅನ್ನ ಆಗುವವರೆಗೂ ಹರಿಯಿತು. ಎಷ್ಟು ಸಲ ಫೋನು ಮಾಡಿದರೂ ಆ ದಿನ ಚಾನೆಲ್ಲಿನವನು ಬರಲಿಲ್ಲ. ಒಬ್ಬ ರಾಜಕಾರಣಿ ಅಡುಗೆಯ ಬೆಂಕಿಗಾಗಿ ನಿಜವಾಗಿ ಅತ್ತದ್ದನ್ನು ಈ ಊರಿನಲ್ಲಿ ನೋಡಿದವರು ನಮ್ಮ ಬೀದಿಯವರು ಮಾತ್ರ.

ಊಟದ ಹೊತ್ತಿಗೆ ಆಳುವ ಪಕ್ಷದ ನಮ್ಮ ಬೀದಿಯ ಮುಖಂಡನೂ ಬಂದ. ಅಮ್ಮನೇ ಹೇಳಿ ಕಳಿಸಿದ್ದಳು: ಮೊದಲನೆಯದಕ್ಕೆ ಅತ್ತವನು ನೀನು, ಬಾ. ಅವನು ಬರುವಾಗ ಬಾಳೆ ಎಲೆ ತಂದ, ಅಧ್ಯಕ್ಷನ ಪಕ್ಕದಲ್ಲೇ ಕೂತು ಪಾಯಸ ಎರಡು ಸಲ ಹಾಕಿಸಿಕೊಂಡ. ಬೆಲೆ ಏರಿಕೆಯ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಪಾಯಸಕ್ಕೆ ಹೊಗೆ ಹತ್ತಿದೆ ಅನ್ನುವುದರಲ್ಲಿ ಒಮ್ಮತ ಬಂತು.

ಅಮ್ಮ ಎಲ್ಲರದ್ದೂ ಆದ ಮೇಲೆ ಉಂಡಳು, ನಮ್ಮ ಜಗಲಿಯ ಮೇಲೆ, ಎಲೆ ಖಾಲಿ ಮಾಡಿ. ಆಮೇಲೆ ಮೆಟ್ಟಿಲ ಕೆಳಗಿನ ಸಿಲಿಂಡರಿನ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಎತ್ತಿಕೊಂಡು ಬಾ ಅಂದಳು. ಹೊತ್ತು ತಂದು ಒಲೆಗೆ ಸಿಕ್ಕಿಸಿದೆ. ತಾನೇ ಒಲೆ ಹಚ್ಚಿ ಕಾಫಿಗೆ ಇಟ್ಟಳು. ಚೀಲದಿಂದ ಸೀರೆ, ಮಾತ್ರೆ ಎಲ್ಲ ಹೊರಗೆ ಬಂದು ಅವುಗಳ ಜಾಗ ಸೇರಿದವು. ಚೀಲದಲ್ಲಿ ಈಗ ಈರುಳ್ಳಿ ಇದೆ.

ಗ್ಯಾಸಿನ ಬೆಲೆಯೇನೂ ಇಳಿಯಲಿಲ್ಲ. ಅದನ್ನು ಬೇರೆ ಹೇಳಬೇಕೆ.

ಆ ಸಿಲಿಂಡರ್ ಮುಗಿದ ಮೇಲೆ ಅದೇ ಗುಲ್ಬರ್ಗಾದವನು ಹೊಸದನ್ನು ತಂದು, ಖಾಲಿಯನ್ನು ಹೆಗಲಿಗೆ ಏರಿಸಿದ. ಅಮ್ಮ ಅವನನ್ನು ನಿಲ್ಲಿಸಿದಳು.

"ಯಾರ ಮನೆಗೆ ಕೊಟ್ರೂ ಹೇಳಪ್ಪ, ಇದರದ್ದು ಊಟ ಎಲ್ಲ ಆಗಿದೆ, ಹೆದರಿಕೋಬೇಡಿ ಅಂತ."

"ಹೇಳ್ತೀನಿ ಅಜ್ಜಿ" ಅಂದು ಅವನು ಹೊಸ್ತಿಲು ದಾಟಿದ.

ಅಮ್ಮನ ಕೈ ತಾನಾಗಿ ಚೊಂಬಿನ ಕಡೆ ಹೋಯಿತು. ಅವಳಿಗಿಂತ ಮೊದಲು ನಾನು ಹೋಗಿ ಚೊಂಬನ್ನು ಅವಳ ಕೈಗೆ ಸಿಗದ ಹಾಗೆ ಎತ್ತಿಕೊಂಡೆ.